ಎತ್ತಿಗೆ ಬಿಡುವಿನ ದಿನ, ಪೇಟಿಗೆ ಕೆಲಸ

ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅಂದು ಬಸವಣ್ಣನ ವಾರ. ಆರು ದಿನ ನೊಗ ಹೊತ್ತ ಎತ್ತಿನ ಮೈ ತೊಳೆದು, ಹೊಟ್ಟೆ ತುಂಬ ಮೇವು ಹಾಕಿ ಕಟ್ಟುತ್ತಾರೆ. ಅಂದೇ ರಾತ್ರಿ ಊಟವಾದ ಮೇಲೆ ಊರಿನ ಮಠದಲ್ಲಿಯೋ ಹನುಮಪ್ಪನ ಗುಡಿಯಲ್ಲಿಯೋ ಎಂಟು ಹತ್ತು ಮಂದಿ ಜಮಖಾನೆ ಹಾಸಿಕೊಂಡು ಕೂಡುತ್ತಾರೆ. ನಡುವೆ ಒಂದು ಹಾರ್ಮೋನಿಯಂ. ನಮ್ಮ ಮಂದಿಯ ಬಾಯಲ್ಲಿ ಅದು ಪೇಟಿ. ಪಕ್ಕದಲ್ಲಿ ತಬಲಾ, ಡಗ್ಗಾ, ದಮ್ಮಡಿ. ಉಳಿದವರ ಕೈಯಲ್ಲಿ ತಾಳ.

ಪೇಟಿ ನುಡಿಸುವವನು ಮಸಾರಿ ಹೊಲದಲ್ಲಿ ಸಜ್ಜೆ, ಶೇಂಗಾ ಬೆಳೆಯುವ ಒಕ್ಕಲಿಗ. ತಬಲಾ ಬಾರಿಸುವವನು ಊರ ಬಡಿಗ. ಮುಂದಾಗಿ ಹಾಡುವವನು ಕೂಲಿಯವನಿರಬಹುದು, ಕುರಿ ಕಾಯುವವನಿರಬಹುದು. ಇವರಾರಿಗೂ ಸಂಗೀತ ವೃತ್ತಿಯಲ್ಲ. ಯಾರಿಂದಲೂ ಕಾಸು ಕೇಳುವುದಿಲ್ಲ. ಆದರೆ ಅವರು ಹಾಡುವ ತತ್ವಪದ, ವಚನಗಳನ್ನು ಗಮನವಿಟ್ಟು ಕೇಳಿದರೆ ಅವು ಭೂಪ, ಭೀಮಪಲಾಸ, ಮಾಲಕಂಸ, ಭೈರವಿ ರಾಗಗಳಲ್ಲಿರುವುದು ತಿಳಿಯುತ್ತದೆ.

ಕೃಷಿ ಪುಟದಲ್ಲಿ ಸಂಗೀತದ ಮಾತು ಏಕೆ ಎಂದು ಕೆಲವು ಓದುಗರು ಕೇಳಬಹುದು. ಇಪ್ಪತ್ತು ವರ್ಷಗಳಿಂದ ಈ ನಾಲ್ಕು ತಾಲ್ಲೂಕುಗಳ ಹಳ್ಳಿ ಸುತ್ತಿದ ನನ್ನ ಅನುಭವದಲ್ಲಿ, ಭಜನಾ ಮೇಳ ಕೂಡಿರುವ ಊರಿನಲ್ಲಿ ರೈತರು ಇನ್ನಿತರ ಕೆಲಸಗಳಿಗೂ ಕೂಡುತ್ತಾರೆ. ಮೇಳ ಚದುರಿದ ಊರಿನಲ್ಲಿ ಕೆರೆಯ ಹೂಳೆತ್ತಲು ಹತ್ತು ಮಂದಿಯನ್ನು ಸೇರಿಸುವುದೂ ಕಷ್ಟ. ಆದ್ದರಿಂದ ಇದು ಒಕ್ಕಲುತನಕ್ಕೆ ಸಂಬಂಧಿಸಿದ ಮಾತೇ ಆಗಿದೆ.

ಒಂದು ಸೋಮವಾರದ ಪಾಠ

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಎರೆ ಸೀಮೆಯ ಊರಿನಲ್ಲಿ ಕಡಲೆ ಬೀಜೋಪಚಾರದ ಬಗ್ಗೆ ಸಭೆ ಕರೆದಿದ್ದೆ. ಕಡಲೆಗೆ ಸಿಡಿ ರೋಗ ಬಂದು ಹೊಲ ಹೊಲವೇ ಒಣಗುತ್ತಿದ್ದ ಕಾಲ. ಡಂಗುರ ಸಾರಿಸಿದ್ದೆ, ಫಲಕ ಬರೆಸಿದ್ದೆ. ಸಂಜೆ ಏಳಕ್ಕೆ ಶಾಲೆಯಲ್ಲಿ ಕಾಯುತ್ತ ಕುಳಿತರೆ ಬಂದವರು ನಾಲ್ಕೇ ಮಂದಿ. ಅವರಲ್ಲಿ ಒಬ್ಬ ಹಿರಿಯರು ಮೆಲ್ಲಗೆ ಹೇಳಿದರು: "ಸಾಹೇಬ್ರ, ಇವತ್ತ ಸೋಮಾರ ಐತ್ರಿ, ಭಜನಿ ಇರತೈತಿ. ನೀವೂ ಅಲ್ಲೇ ಬರ್ರಿ. ಊರೆಲ್ಲಾ ಅಲ್ಲೇ ಇರತೈತಿ."

ಹೋದೆ. ಎರಡು ತಾಸು ಹಾಡಿ, ನಡುವೆ ಚಹಾಕ್ಕೆ ನಿಲ್ಲಿಸಿದಾಗ ನನಗೆ ಹತ್ತು ನಿಮಿಷ ಕೊಟ್ಟರು. ಒಂದು ಕಿಲೋ ಕಡಲೆ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತಬೇಕು ಎಂದು ಹೇಳಿದೆ. ಭಜನೆಯ ರೂಢಿಯಂತೆ ತಾಳದವರು ಆ ಮಾತನ್ನು ಹಾಗೆಯೇ ತಿರುಗಿ ಹೇಳಿದರು: "ಒಂದ ಕಿಲೋ ಬೀಜಕ್ಕ ನಾಕ ಗ್ರಾಂ!" ಎಲ್ಲರೂ ನಕ್ಕರು. ಆದರೆ ಆ ಪ್ರಮಾಣವನ್ನು ಆ ಊರಿನವರು ಇಂದಿಗೂ ಮರೆತಿಲ್ಲ. ಮುಂದಾಗಿ ಒಬ್ಬನು ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು: ಕಲಿಸಲು ಇದಕ್ಕಿಂತ ಒಳ್ಳೆಯ ಕ್ರಮವನ್ನು ನನ್ನ ತರಬೇತಿಯಲ್ಲಿ ಯಾರೂ ತಿಳಿಸಿರಲಿಲ್ಲ.

ಮಳೆಗೆ ನಕ್ಷತ್ರ, ರಾಗಕ್ಕೆ ಹೊತ್ತು

ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಗಳ ಸರದಿಯನ್ನು ತಿಳಿದ ರೈತನಿಗೆ ರಾಗಗಳ ಸರದಿಯನ್ನು ತಿಳಿಯುವುದು ಕಷ್ಟವಲ್ಲ. ಹಿಂದೂಸ್ತಾನಿ ಪದ್ಧತಿಯಲ್ಲಿ ಪ್ರತಿ ರಾಗಕ್ಕೂ ಒಂದು ಹೊತ್ತು ಇದೆ. ರಾತ್ರಿಯ ಮೊದಲ ಜಾವಕ್ಕೆ ಭೂಪ. ಅದರಲ್ಲಿ ಮಧ್ಯಮ, ನಿಷಾದಗಳಿಲ್ಲ. ಸ, ರಿ, ಗ, ಪ, ದ ಎಂಬ ಐದೇ ಸ್ವರ. ಹೊಸದಾಗಿ ಕಲಿಯುವ ಹುಡುಗರಿಗೂ ಅದು ಬೇಗ ಒಲಿಯುತ್ತದೆ. ಹೊತ್ತು ಏರಿದಂತೆ, ನಡುರಾತ್ರಿಯ ಸುಮಾರಿಗೆ ಮಾಲಕಂಸ. ಅದರಲ್ಲಿ ರಿಷಭ, ಪಂಚಮಗಳಿಲ್ಲ. ಶ್ರಾವಣದಲ್ಲಿಯೂ ಶಿವರಾತ್ರಿಯಲ್ಲಿಯೂ ಬೆಳತನಕ ಭಜನೆ ನಡೆದರೆ ನಸುಕಿಗೆ ಜೋಗಿಯಾ, ಮಂಗಳಕ್ಕೆ ಭೈರವಿ.

ತಾಳದಲ್ಲಿಯೂ ಹಾಗೆಯೇ. ಹೆಚ್ಚಿನ ಪದಗಳು ಎಂಟು ಮಾತ್ರೆಯ ಕೆಹರವಾದಲ್ಲಿಯೋ ಆರು ಮಾತ್ರೆಯ ದಾದ್ರಾದಲ್ಲಿಯೋ ನಡೆಯುತ್ತವೆ. ಕೈ ಪಳಗಿದ ಮೇಳದವರು ಏಳು ಮಾತ್ರೆಯ ರೂಪಕಕ್ಕೂ ಹದಿನಾರು ಮಾತ್ರೆಯ ತೀನತಾಲಕ್ಕೂ ಹೋಗುತ್ತಾರೆ. ಕೂರಿಗೆಯ ಹಿಂದೆ ನಡೆಯುತ್ತ, ಬಟ್ಟಲಿಗೆ ಒಂದೇ ಹದದಲ್ಲಿ ಬೀಜ ಬಿಡುವ ಹೆಣ್ಣುಮಗಳ ಕೈಯನ್ನು ನೋಡಿದವರಿಗೆ ಲಯ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಕೈ ತಪ್ಪಿದರೆ ಸಾಲಿನಲ್ಲಿ ಬರಿದು ಬೀಳುತ್ತದೆ. ಆ ತಪ್ಪು ಎಂಟು ದಿನಕ್ಕೆ ಊರಿಗೆಲ್ಲ ಕಾಣುತ್ತದೆ.

ಗಂಗಾವತಿಯ ಕಡೆಗೆ ಹೋದರೆ ಬೇರೆ ಬಗೆಯ ಹಾಡಿಕೆ ಕೇಳುತ್ತದೆ. ಆ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ಪುರಂದರದಾಸರ ಗುರುಗಳಾದ ವ್ಯಾಸರಾಯರ ಬೃಂದಾವನ ಇರುವುದು ಅಲ್ಲಿಯೇ. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕ್ರಮಪಡಿಸಿದವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಆ ಕಡೆಯ ಮನೆಗಳಲ್ಲಿ ದಾಸರ ಪದ ಹಾಡುವ ಹೆಣ್ಣುಮಕ್ಕಳ ಮಂಡಳಿಗಳಿವೆ. ಹೀಗೆ ಒಂದೇ ಜಿಲ್ಲೆಯಲ್ಲಿ ಎರಡು ಪದ್ಧತಿಗಳು ನೆರೆಹೊರೆಯಾಗಿವೆ.

ಶಾಸ್ತ್ರ ಬಲ್ಲವರು ಈ ಭಜನೆಗಳಲ್ಲಿ ತಪ್ಪು ಹುಡುಕಿದರೆ ಸಿಕ್ಕೇ ಸಿಗುತ್ತವೆ. ಆಲಾಪ ಚಿಕ್ಕದು, ತಾನ ಒರಟು. ಒಮ್ಮೊಮ್ಮೆ ರಾಗದಲ್ಲಿ ಇನ್ನೊಂದು ರಾಗದ ನೆರಳು ಸುಳಿಯುತ್ತದೆ. ಆದರೆ ದಿನವೆಲ್ಲ ಕುಂಟೆ ಹೊಡೆದ ಕೈ ಪೇಟಿಯ ಮೇಲೆ ಅಷ್ಟು ಆಡುವುದೇ ದೊಡ್ಡದು.

ಜೋಳಿಗೆಯಲ್ಲಿ ಬೆಳೆದ ಶಾಲೆ

ಈ ಹಾಡಿಕೆ ನಮ್ಮ ಹಳ್ಳಿಗಳಿಗೆ ಬಂದ ದಾರಿಯನ್ನು ಇಂದಿನ ತರುಣರು ತಿಳಿಯಬೇಕು. ಇದು ಅರಮನೆಯಿಂದ ನೇರವಾಗಿ ಬಂದದ್ದಲ್ಲ. ಬಹುಪಾಲು ಬಂದದ್ದು ಇಬ್ಬರು ಅಂಧ ಗವಾಯಿಗಳ ಜೋಳಿಗೆಯಲ್ಲಿ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಡುಗನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅವನ ಕಂಠವನ್ನು ಗುರುತಿಸಿ ಆಶ್ರಯ ಕೊಟ್ಟವರು ಹಾನಗಲ್ಲ ಕುಮಾರಸ್ವಾಮಿಗಳು. ಹುಡುಗನು ಮೊದಲು ಕರ್ನಾಟಕ ಸಂಗೀತವನ್ನು ಕಲಿತನು. ಆಮೇಲೆ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ, ಮಿರಜದ ನೀಲಕಂಠ ಬುವಾ ಅವರಿಂದ ಗ್ವಾಲಿಯರ್ ಘರಾಣೆಯ ಹಿಂದೂಸ್ತಾನಿ ಗಾಯನವನ್ನು ಕಲಿತನು. ಈ ನೀಲಕಂಠ ಬುವಾ ಅವರೇ ಮಲ್ಲಿಕಾರ್ಜುನ ಮನಸೂರರ ಗುರುಗಳೂ ಹೌದು. ಎರಡೂ ಪದ್ಧತಿಗಳನ್ನು ಕಲಿತ ಆ ಹುಡುಗನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತನಾದನು.

ಗುರುವಿನ ಅಪ್ಪಣೆಯಂತೆ ಗವಾಯಿಗಳು ಒಂದು ಸಂಚಾರಿ ಸಂಗೀತ ಶಾಲೆಯನ್ನು ನಡೆಸಿದರು. ಕುರುಡ ಮಕ್ಕಳು, ತಬ್ಬಲಿಗಳು, ಬಡವರ ಮಕ್ಕಳು ಅವರ ಶಿಷ್ಯರು. ಪ್ಲೇಗು, ಬರ ಒಂದರ ಹಿಂದೊಂದು ಬಂದಿದ್ದ ಕಾಲವದು. ಶಾಲೆಗೆ ಸರ್ಕಾರದ ಅನುದಾನವಿಲ್ಲ, ಸ್ವಂತ ಸೂರಿಲ್ಲ. ಊರಿಂದ ಊರಿಗೆ ಹೋಗುವುದು, ಗುಡಿಯಲ್ಲಿ ಇಳಿಯುವುದು, ಹಾಡುವುದು, ಭಿಕ್ಷೆಯ ಜೋಳದಲ್ಲಿ ಮಕ್ಕಳಿಗೆ ರೊಟ್ಟಿ ಹಾಕುವುದು. ಜೋಳಿಗೆಗೆ ಜೋಳ ಹಾಕಿದವರು ನಮ್ಮ ಉತ್ತರ ಕರ್ನಾಟಕದ ಒಣಬೇಸಾಯದ ಒಕ್ಕಲಿಗರು. ಕೊನೆಗೆ ಶಾಲೆ ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. ಆಗ ಗದಗು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಕೊಪ್ಪಳ ಸೀಮೆ 1948ರವರೆಗೂ ನಿಜಾಮರ ರಾಜ್ಯದಲ್ಲಿತ್ತು. ಹಾಡಿಗೆ ಆ ಗಡಿ ಅಡ್ಡ ಬರಲಿಲ್ಲ.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ಹೊತ್ತರು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಅವರೂ ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡವರು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು, ತಾವೇ ನಾಟಕ ಬರೆದರು. ಊರೂರಿನ ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದಿಂದ ತುಲಾಭಾರ ಮಾಡಿದರು. ಆ ಹಣವೆಲ್ಲ ಆಶ್ರಮದ ಒಲೆಗೇ ಹೋಯಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು.

ಈ ಗುರುಪರಂಪರೆಯಿಂದ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರಂಥ ಗಾಯಕರು ಬಂದರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ಎಂ. ವೆಂಕಟೇಶಕುಮಾರರೂ ಬಡತನದಲ್ಲಿಯೇ ಆಶ್ರಮ ಸೇರಿ ಕಲಿತವರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1995ರಲ್ಲಿ ಬಂದ ಪಂಚಾಕ್ಷರ ಗವಾಯಿಗಳ ಚಲನಚಿತ್ರವನ್ನು ನಮ್ಮ ಹಳ್ಳಿಗಳವರು ಗಾಡಿ ಕಟ್ಟಿಕೊಂಡು ಹೋಗಿ ನೋಡಿದ್ದುಂಟು.

ಹೆಸರಾದವರು ಕೆಲವರು. ಹೆಸರಿಲ್ಲದೆ ಊರೂರಿಗೆ ಹಂಚಿಹೋದವರು ನೂರಾರು. ಶ್ರಾವಣ ಮಾಸದಲ್ಲಿ ಒಂದು ತಿಂಗಳು ಊರಲ್ಲಿ ಪುರಾಣ ಹಚ್ಚಿದಾಗ ಶಾಸ್ತ್ರಿಗಳ ಜೊತೆಗೆ ಒಬ್ಬ ಗವಾಯಿ, ಒಬ್ಬ ತಬಲಾದವನು ಬರುತ್ತಾರೆ. ಊರವರು ಪಾಳಿಯ ಮೇಲೆ ಅವರಿಗೆ ಊಟ ಹಾಕುತ್ತಾರೆ. ಹಗಲು ಬಿಡುವಿನಲ್ಲಿ ಗವಾಯಿಯು ಊರ ಹುಡುಗರಿಗೆ ಸರಿಗಮ ಹೇಳಿಕೊಡುತ್ತಾನೆ. ನಮ್ಮ ಭಜನಾ ಮೇಳಗಳಲ್ಲಿ ಇಂದು ಪೇಟಿ ಹಿಡಿದವರಲ್ಲಿ ಹಲವರು ಹೀಗೆ ಒಂದು ಶ್ರಾವಣದಲ್ಲಿ ಕಲಿತವರೇ. ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧ ಹಾಕಿತ್ತು. ಅಷ್ಟೂ ವರ್ಷ ಅದನ್ನು ಕೈಬಿಡದೆ ಕಾಪಾಡಿದವು ನಾಟಕ ಕಂಪನಿಗಳು, ಮಠಗಳು, ಹಳ್ಳಿಯ ಭಜನೆಗಳು.

ಅಡವು ಬಿದ್ದ ಪೇಟಿ

2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮಳೆ ಇಲ್ಲದ ವರ್ಷ ನಮ್ಮ ಕಡೆಯ ಜನ ಬೆಂಗಳೂರು, ಮಂಗಳೂರು, ಗೋವೆಗೆ ಗುಳೆ ಹೋಗುವುದು ಎಲ್ಲರಿಗೂ ತಿಳಿದದ್ದೇ. ಗುಳೆ ಹೋದವರ ಬಾಗಿಲಿಗೆ ಕೀಲಿ ಬೀಳುತ್ತದೆ. ಅದರ ಜೊತೆಗೆ ಭಜನೆಯೂ ನಿಲ್ಲುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕುಷ್ಟಗಿ ತಾಲ್ಲೂಕಿನ ಒಂದು ಊರಿನ ಮೇಳದಲ್ಲಿ ಏಳು ಮಂದಿ ಇದ್ದರು. ಆ ವರ್ಷ ನಾಲ್ವರು ಗುಳೆ ಹೋದರು. ಉಳಿದವರಲ್ಲಿ ಪೇಟಿಯ ಯಜಮಾನರು ಒಬ್ಬರು, ಅರವತ್ತು ದಾಟಿದವರು. ಆ ಪೇಟಿ ಅವರ ತಂದೆ ಶೇಂಗಾ ಮಾರಿ ಕೊಂಡು ತಂದದ್ದು. ಹಿಂಗಾರಿಗೆ ಬೀಜ, ಗೊಬ್ಬರಕ್ಕೆ ಕಾಸಿಲ್ಲದೆ ಅವರು ನನ್ನ ಬಳಿ ಬಂದು ಕುಳಿತರು. ಏನೋ ಸಮಾಧಾನ ಹೇಳುವ ಭರದಲ್ಲಿ ನಾನು, "ಹೇಗೂ ಮೇಳದವರು ಊರಲ್ಲಿಲ್ಲ, ಪೇಟಿ ಮಾರಿದರೆ ಈ ಸಲದ ಖರ್ಚು ನೀಗುತ್ತದಲ್ಲಾ ಅಜ್ಜಾರೇ" ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬೀಜದ ಜ್ವಾಳ ಎಂಥಾ ಬರದಾಗೂ ಉಣ್ಣಂಗಿಲ್ರಿ ಸಾಹೇಬ್ರ. ಪೇಟಿನೂ ಹಂಗ. ಅಡಾ ಇಡ್ತೀನಿ, ಮಾರಂಗಿಲ್ಲ." ಕೃಷಿ ಪದವಿ ಓದಿದ ನನಗೆ ಬೀಜ ಉಳಿಸುವ ಪಾಠವನ್ನು ಅವರು ಹೇಳಬೇಕಾಯಿತು. ಆ ದಿನದ ನನ್ನ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಪೇಟಿಯನ್ನು ಅಡವಿಟ್ಟರು. ಆದರೂ ಸೋಮವಾರ ನಿಲ್ಲಲಿಲ್ಲ. ಮೂವರೇ ಕೂಡಿ ಏಕತಾರಿಯ ಶ್ರುತಿ ಹಿಡಿದು, ದಮ್ಮಡಿ ಬಾರಿಸಿಕೊಂಡು ಹಾಡಿದರು. ಪೇಟಿ ಇದ್ದಾಗ ಅದರ ಆಸರೆಯಲ್ಲಿ ಸಾಗುತ್ತಿದ್ದ ಕಂಠಗಳು ಈಗ ತಾವೇ ಸ್ವರ ಹುಡುಕಬೇಕಾಯಿತು. "ಮೊದಲ ತಿಂಗಳು ನಮ್ಮ ಅಪಸ್ವರ ನಮಗೇ ಕೇಳಿ ನಾಚಿಕಿ ಬಂತ್ರಿ" ಎಂದು ಒಬ್ಬರು ನಕ್ಕರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ತಬಲಾದವನು ಸೋಮವಾರ ರಾತ್ರಿ ತನ್ನ ಶೆಡ್ಡಿನಿಂದ ಫೋನು ಮಾಡುತ್ತಿದ್ದ. ಇವರು ಫೋನನ್ನು ನಡುವೆ ಇಟ್ಟು ಹಾಡುತ್ತಿದ್ದರು. ಅವನೂ ಅಲ್ಲಿಂದ ತಾಳ ಹಾಕಿ ನೋಡಿದ. ಫೋನಿನಲ್ಲಿ ತಾಳವು ಹಿಂದೆ ಬೀಳುವುದರಿಂದ ಕೂಡಿ ಬರಲಿಲ್ಲ. ಕೊನೆಗೆ ಸುಮ್ಮನೆ ಕೇಳುತ್ತಿದ್ದ.

2024ರ ಮುಂಗಾರು ಕೈ ಹಿಡಿಯಿತು. ಹೆಸರು, ಸಜ್ಜೆ ಮನೆಗೆ ಬಂದವು. ಗುಳೆ ಹೋದವರಲ್ಲಿ ಮೂವರು ತಿರುಗಿ ಬಂದರು. ಮೇಳದವರು ಮನೆಗೊಂದಿಷ್ಟು ಕಾಳು ಕೂಡಿಸಿ, ಮಾರಿ, ಸೀಗಿ ಹುಣ್ಣಿಮೆಯ ಹೊತ್ತಿಗೆ ಪೇಟಿಯನ್ನು ಬಿಡಿಸಿ ತಂದರು. ಅದರ ಮುಂದಿನ ಸೋಮವಾರ ನಾನೂ ಹೋಗಿದ್ದೆ. ವರ್ಷದುದ್ದಕ್ಕೂ ಬರಿಗಂಠದಲ್ಲಿ ಹಾಡಿದ್ದರಿಂದ ಶ್ರುತಿ ಮೊದಲಿಗಿಂತ ಗಟ್ಟಿಯಾಗಿತ್ತು. ಒಬ್ಬನ ಜಾಗ ಮಾತ್ರ ಬರಿದಾಗಿತ್ತು. ಅವನು ಇನ್ನೂ ಬಂದಿಲ್ಲ. ಅಂದಿನಿಂದ ಆ ಮೇಳದವರು ಒಂದು ಕಟ್ಟು ಮಾಡಿಕೊಂಡಿದ್ದಾರೆ: ಪ್ರತಿ ಸುಗ್ಗಿಯಲ್ಲಿ ಮನೆಗೊಂದು ಸೇರು ಕಾಳು ಮೇಳಕ್ಕೆ. ಬರ ಬಂದರೆ ಮೊದಲು ಆ ಕಾಳು, ಪೇಟಿ ಅಲ್ಲ.

ನೀರಾವರಿಯ ಗಂಗಾವತಿ ಕಡೆಯವರಿಗೆ ಇಂಥ ಕಷ್ಟವಿಲ್ಲವೆಂದು ತಿಳಿಯಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಭತ್ತದ ರೈತರು ನಿದ್ದೆಗೆಟ್ಟರು. ಅಲ್ಲಿಯ ಮೇಳಗಳಿಗೆ ಇರುವ ತೊಂದರೆ ಬೇರೆ: ವರ್ಷಕ್ಕೆ ಎರಡು ಬೆಳೆ ಎಂದರೆ ಬಿಡುವೇ ಇಲ್ಲ. ಒಣಭೂಮಿಯಲ್ಲಿಯೂ ಟ್ರ್ಯಾಕ್ಟರು ಬಂದ ಮೇಲೆ ಸೋಮವಾರದ ಬಿಡುವು ಸಡಿಲಾಗಿದೆ. ಎತ್ತಿಗೆ ವಾರವುಂಟು, ಬಾಡಿಗೆಯ ಟ್ರ್ಯಾಕ್ಟರಿಗೆ ವಾರವೆಲ್ಲಿಯದು?

ವಾದ್ಯಗಳ ಜೋಪಾನ

ಅನೇಕ ಊರುಗಳಲ್ಲಿ ಮೇಳ ನಿಲ್ಲಲು ವಾದ್ಯ ಕೆಟ್ಟದ್ದೇ ಕಾರಣ. ಈ ಕೆಳಗಿನ ಕ್ರಮಗಳನ್ನು ಅನುಸರಿಸಿದರೆ ರಿಪೇರಿಯ ಖರ್ಚು ಬಹಳ ಮಟ್ಟಿಗೆ ಉಳಿಯುತ್ತದೆ.

ಪೇಟಿಯನ್ನು ಕಾಳಿನ ಚೀಲಗಳಿರುವ ಕೋಣೆಯಲ್ಲಿ ಇಡಬಾರದು. ಕಾಳಿಗೆ ಬಂದ ಇಲಿ ತಿದಿಯನ್ನೂ ಕಡಿಯುತ್ತದೆ. ನೆಲಕ್ಕೆ ಅಥವಾ ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಟ್ಟು ದಪ್ಪ ಬಟ್ಟೆ ಮುಚ್ಚಬೇಕು. ನುಡಿಸಿದ ಮೇಲೆ ತಿದಿಯನ್ನು ಮಡಿಸಿ ಕೊಂಡಿ ಹಾಕಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ನುಡಿಸಬೇಕು. ಗಾಳಿಯಾಡದೆ ಬಿಟ್ಟ ಪೇಟಿಯ ರೀಡುಗಳಿಗೆ ಕಿಲುಬು ಹಿಡಿದು ಸ್ವರ ಕೆಡುತ್ತದೆ.

ತಬಲಾದ ಚರ್ಮಕ್ಕೂ ನಡುವಿನ ಕಪ್ಪು ಮಸಿಗೂ ನೀರು, ಎಣ್ಣೆ ಸೋಕಬಾರದು. ಕೈ ಬೆವರಿದರೆ ಸ್ವಲ್ಪ ಪೌಡರು ಹಚ್ಚಿಕೊಳ್ಳಬೇಕು. ನಮ್ಮ ಹಿರಿಯರು ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ಅದೂ ಒಳ್ಳೆಯದೇ. ಥಂಡಿಗೆ ಚರ್ಮ ಸಡಿಲಾಯಿತೆಂದು ಒಲೆಯ ಮುಂದೆ ಇಟ್ಟು ಕಾಯಿಸಬಾರದು, ಸೀಳುತ್ತದೆ. ಬೆಚ್ಚಗಿನ ಒಣ ಕೋಣೆಯಲ್ಲಿ ಬಟ್ಟೆ ಸುತ್ತಿ ಇಟ್ಟರೆ ಸಾಕು.

ಮಾಡಬೇಕಾದದ್ದು

ಮೊದಲನೆಯದು, ಮಕ್ಕಳನ್ನು ಕೂರಿಸಿಕೊಳ್ಳುವುದು. ಪ್ರತಿ ಮೇಳದಲ್ಲಿ ಇಬ್ಬರಾದರೂ ಶಾಲೆಯ ಮಕ್ಕಳಿರಲಿ. ಅವರಿಗೆ ಮೊದಲು ತಾಳ ಕೊಡಿ, ಆಮೇಲೆ ಪೇಟಿ. ಹುಡುಗಿಯರನ್ನು ದೂರ ಇಡಬೇಡಿ. ಎರಡನೆಯದು, ಪುರಾಣದ ಗವಾಯಿ ಊರಲ್ಲಿರುವ ತಿಂಗಳು ದಿನಕ್ಕೊಂದು ತಾಸು ಪಾಠಕ್ಕೆಂದು ಗೊತ್ತುಮಾಡಿ. ಮುಂದೆ ಕಲಿಯುವ ಮನಸ್ಸಿದ್ದವರಿಗೆ ಗದಗು ದೂರವಲ್ಲ. 2025ರ ಮೇ ತಿಂಗಳಿಂದ ಕುಷ್ಟಗಿಗೂ ರೈಲು ಬಂದಿದೆ. ಮೂರನೆಯದು, ಮೇಳವನ್ನು ಸಂಘವಾಗಿ ನೋಂದಾಯಿಸಿಕೊಳ್ಳುವುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಸಂಘಗಳಿಗೆ ಧನಸಹಾಯವೂ ವಯಸ್ಸಾದ ಕಲಾವಿದರಿಗೆ ಮಾಸಾಶನವೂ ಇವೆ. ಕೊಪ್ಪಳದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ನಾಲ್ಕನೆಯದು, ಸುಗ್ಗಿಯ ಒಂದು ಸೇರು ಕಾಳು. ನಾಲ್ಕರಲ್ಲಿ ಇದೇ ಮುಖ್ಯವೆಂದು ನನ್ನ ಅನಿಸಿಕೆ. ಏಕೆಂದರೆ ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಯಾವ ಅರ್ಜಿಯೂ ಬೇಕಾಗಿಲ್ಲ.

ಮಳೆ ನಮ್ಮ ಕೈಯಲ್ಲಿಲ್ಲ. ಬೀಜ ಕಾಯ್ದಿಡುವುದು ನಮ್ಮ ಕೈಯಲ್ಲಿದೆ. ನಿಮ್ಮ ಊರಿನ ಮಠದಲ್ಲಿ ಧೂಳು ತಿನ್ನುತ್ತಿರುವ ಪೇಟಿ ಇದ್ದರೆ, ಬರುವ ಸೋಮವಾರ ಎತ್ತಿಗೆ ಮೇವು ಹಾಕಿದ ಮೇಲೆ ಅದರ ಬಟ್ಟೆ ತೆಗೆದು ನೋಡಿ. ಒಂದೆರಡು ಸ್ವರ ನುಡಿಯದಿದ್ದರೂ ಚಿಂತೆಯಿಲ್ಲ. ಐದು ಸ್ವರ ಇದ್ದರೆ ಭೂಪ ಆಗುತ್ತದೆ.